ಜೋಗಿಗುಂಡಿಗೆ ಒಂದು ಕಿಲೋಮೀಟರ್



ಜಲಪಾತ ಎಂದ ಕೂಡಲೇ ಕನ್ನಡಿಗರಿಗೆ ಮೊದಲು ನೆನಪಾಗುವುದು ಜೋಗ. 800 ಅಡಿಗೂ ಮಿಕ್ಕಿದ ಎತ್ತರ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆ. ಇವತ್ತು ನಾನು ನಿಮ್ಮನ್ನು ಕರೆದುಕೊಂಡು ಹೊರಟಿರುವುದು ಅದರ ಮಗ್ಗುಲಿಗೆ ತಂದಿಟ್ಟರೆ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದಾದ ಒಂದು ಅಬ್ಬಿಯ ಕಡೆಗೆ. ಅದರ ಹೆಸರು ಜೋಗಿಗುಂಡಿ. ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ. ಆಗುಂಬೆ ಪೇಟೆಯಿಂದ ಬರ್ಕಣದ ಕಡೆಗೆ ಹೋಗುವ ರಸ್ತೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ಸಾಗಬೇಕು. ಅಲ್ಲಿ ಗಾಡಿ ಬಿಟ್ಟು ಕಾಡಿನೊಳಗೆ ಇಳಿಯಬೇಕು. ನಡಿಗೆ ಹೆಚ್ಚೆಂದರೆ ಒಂದು ಕಿಲೋಮೀಟರ್. ಚುರುಕಾಗಿ ಹೆಜ್ಜೆ ಹಾಕಿದರೆ ಕಾಲು ಗಂಟೆಯ ದಾರಿ.

ನನ್ನ ಮಾತಿರುವುದು ಈ ಕಾಲು ಗಂಟೆಯ ದಾರಿಯ ಬಗ್ಗೆಯೇ. ಬಂದವರಲ್ಲಿ ಬಹಳ ಮಂದಿ ಇದನ್ನು ಬೇಗ ಬೇಗ ದಾಟಿ ನೀರಿನ ಹತ್ತಿರ ಓಡುತ್ತಾರೆ. ನೀರು ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ, ಬಂದಷ್ಟೇ ಬೇಗ ಹಿಂದಿರುಗುತ್ತಾರೆ. ಆ ನೀರು ಅಲ್ಲಿಗೆ ಹೇಗೆ ಬಂತು ಎಂಬ ಕಥೆ ಮಾತ್ರ ದಾರಿಯ ಎರಡು ಬದಿಯಲ್ಲಿ ಹಾಗೇ ಉಳಿದುಬಿಡುತ್ತದೆ. ಆ ಕಥೆಯ ತಿರುಳು ಇಷ್ಟೆ. ಆಗುಂಬೆಗೆ ಮಳೆ ಓಡಿಕೊಂಡು ಬರುತ್ತದೆ. ಕಾಡು ಅದನ್ನು ಹಿಡಿದು, ತಡೆದು, ನಿಧಾನ ಮಾಡಿ ಕಳಿಸುತ್ತದೆ. ಈ ಹೊತ್ತಿನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ.

ಮೊದಲು ಮಳೆಯ ಲೆಕ್ಕ ನೋಡೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 7,500 ಮಿಲಿಮೀಟರ್. ಮಿಲಿಮೀಟರಿನಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ, ಅಡಿಯಲ್ಲಿ ಹೇಳುತ್ತೇನೆ. ಬಿದ್ದ ಮಳೆ ಹರಿಯದೆ, ಇಂಗದೆ, ಆವಿಯಾಗದೆ ಬಿದ್ದಲ್ಲೇ ನಿಂತಿತು ಎಂದುಕೊಳ್ಳಿ. ವರ್ಷದ ಕೊನೆಗೆ ಆಗುಂಬೆಯ ನೆಲದ ಮೇಲೆ 25 ಅಡಿ ನೀರು ನಿಂತಿರುತ್ತದೆ. ಬೆಂಗಳೂರಿಗೆ ಇದೇ ಲೆಕ್ಕ ಹಾಕಿ. ಮೂರು ಅಡಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಅಷ್ಟೆ. ಅದೂ ಆಗುಂಬೆಯ 25 ಅಡಿಯಲ್ಲಿ ಬಹುಪಾಲು ಸುರಿಯುವುದು ಜೂನಿನಿಂದ ಸೆಪ್ಟೆಂಬರಿನವರೆಗೆ, ನಾಲ್ಕೇ ತಿಂಗಳಲ್ಲಿ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,500 ಮಿಲಿಮೀಟರ್ ಮಳೆಯಾದ ದಾಖಲೆ ಇದೆ. ಒಂದೇ ತಿಂಗಳಲ್ಲಿ 15 ಅಡಿ! ಈಚಿನ ವರ್ಷಗಳಲ್ಲಿ ಹೊಸನಗರದ ಹುಲಿಕಲ್‌ನಂಥ ಊರುಗಳು ಕೆಲವೊಮ್ಮೆ ಆಗುಂಬೆಯನ್ನು ಹಿಂದೆ ಹಾಕುವುದುಂಟು. ಹಾಗಾದರೂ ಮಲೆನಾಡಿನ ಮಳೆಗೆ ಹೆಸರಾದ ಊರು ಆಗುಂಬೆಯೇ.

ಇಷ್ಟು ಮಳೆ ಇಲ್ಲಿಗೇ ಯಾಕೆ? ಆಗುಂಬೆ ನಿಂತಿರುವುದು ಘಟ್ಟದ ಅಂಚಿನಲ್ಲಿ. ಪಶ್ಚಿಮಕ್ಕೆ ಕರಾವಳಿಯ ತಗ್ಗು, ಅದರಾಚೆ ಅರಬ್ಬಿ ಸಮುದ್ರ. ಮುಂಗಾರಿನ ಗಾಳಿ ಸಮುದ್ರದ ತೇವ ಹೊತ್ತು ಬರುತ್ತದೆ. ಎದುರಿಗೆ ಎರಡು ಸಾವಿರ ಅಡಿಯ ಗೋಡೆ. ಗಾಳಿಗೆ ಏರದೆ ವಿಧಿಯಿಲ್ಲ. ಏರಿದಂತೆ ತಣಿಯುತ್ತದೆ. ತಣಿದಂತೆ ಹೊತ್ತ ನೀರನ್ನೆಲ್ಲ ಇಳಿಸುತ್ತದೆ. ಆ ಹೊರೆ ಮೊದಲು ಇಳಿಯುವುದು ಅಂಚಿನಲ್ಲಿರುವ ಈ ಊರಿನ ತಲೆಯ ಮೇಲೆ.

ಮಳೆ ಎಷ್ಟು, ಯಾಕೆ ಎಂಬುದು ತಿಳಿಯಿತು. ನಾಲ್ಕು ತಿಂಗಳಲ್ಲಿ ಬಿದ್ದ ಈ ನೀರು ಬಿದ್ದ ದಿನವೇ ಇಳಿಜಾರು ಹಿಡಿದು ಹೋಗಿಬಿಟ್ಟಿದ್ದರೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಇಲ್ಲಿನ ಹಳ್ಳಗಳೆಲ್ಲ ಬತ್ತಬೇಕಿತ್ತು. ಬತ್ತುವುದಿಲ್ಲ. ಮಳೆ ನಿಂತು ತಿಂಗಳುಗಳು ಕಳೆದ ಮೇಲೂ, ಚಳಿಗಾಲದ ನಡುವೆ, ಜೋಗಿಗುಂಡಿಯಲ್ಲಿ ನೀರು ಬೀಳುತ್ತಿರುತ್ತದೆ. ಆ ನೀರನ್ನು ಇಷ್ಟು ದಿನ ಇಟ್ಟುಕೊಂಡಿದ್ದವರು ಯಾರು? ಕೇಳುವುದಕ್ಕೆ ದಾರಿಗೇ ಇಳಿಯೋಣ, ಬನ್ನಿ.

ರಸ್ತೆಯಿಂದ ಒಳಗೆ ಹತ್ತು ಹೆಜ್ಜೆ ಇಟ್ಟರೆ ಸಾಕು, ಬೆಳಕು ಬದಲಾಗುತ್ತದೆ. ಹೊರಗೆ ಮಧ್ಯಾಹ್ನದ ಬಿಸಿಲಿದ್ದರೆ ಒಳಗೆ ಸಂಜೆಯ ಮಬ್ಬು. ಗಾಳಿ ತಣ್ಣಗೆ, ತೇವವಾಗಿ ಮೈಗೆ ತಾಗುತ್ತದೆ. ತಲೆಯ ಮೇಲೆ ಎಲೆಗಳು ಒಂದೇ ಪದರದಲ್ಲಿಲ್ಲ. ಎಲ್ಲಕ್ಕಿಂತ ಮೇಲೆ ನೂರು ಅಡಿ, ಅದಕ್ಕೂ ಮಿಕ್ಕಿ ಬೆಳೆದ ಮರಗಳ ತುದಿ. ಸಾಲುಧೂಪದಂಥ ದೊಡ್ಡ ಜಾತಿಯವು ಅಲ್ಲಿವೆ. ಅವುಗಳ ಕೆಳಗೆ ಇನ್ನೊಂದು ಸಾಲು. ಅದರ ಕೆಳಗೆ ಮನುಷ್ಯನ ಎತ್ತರಕ್ಕಿಂತ ತುಸು ಮೇಲಿರುವ ಗಿಡಮರಗಳು, ಬೆತ್ತದ ಪೊದೆ, ಮರಗಳಿಗೆ ತಬ್ಬಿದ ಕಾಡುಮೆಣಸಿನ ಬಳ್ಳಿ. ಕಾಂಡಗಳ ಮೇಲೆ ಹಾವಸೆ. ಕೊಂಬೆಗಳ ಸಂದಿಯಲ್ಲಿ ಸೀತಾಳೆ ದಂಡೆ, ಜರಿಗಿಡ.

ಮೇಲಿಂದ ಬೀಳುವ ಹನಿ ಇದನ್ನೆಲ್ಲ ದಾಟಿ ನೆಲಕ್ಕೆ ಬರಬೇಕು. ಸಲೀಸಾಗಿ ಬರುವುದಿಲ್ಲ. ಮೊದಲ ಎಲೆಗೆ ಬಡಿದು ಒಡೆಯುತ್ತದೆ. ಎರಡನೆಯದರ ಮೇಲೆ ಜಾರುತ್ತದೆ. ಇಲ್ಲಿನ ಅನೇಕ ಮರಗಳ ಎಲೆಯ ತುದಿ ಉದ್ದಕ್ಕೆ ಚೂಪಾಗಿ ಇಳಿದಿರುತ್ತದೆ, ಗಮನಿಸಿ ನೋಡಿ. ನೀರು ಎಲೆಯ ಮೇಲೆ ನಿಲ್ಲದೆ ಆ ತುದಿಯಿಂದ ತೊಟ್ಟಿಕ್ಕುತ್ತದೆ. ಸ್ವಲ್ಪ ನೀರು ಕೊಂಬೆ ಹಿಡಿದು, ಕಾಂಡದ ಮೇಲೆ ಹರಿದು, ಹಾವಸೆಯನ್ನು ನೆನೆಸಿ, ಬೇರಿನ ಬುಡಕ್ಕೆ ಸೇರುತ್ತದೆ. ಒಂದಷ್ಟು ನೀರು ಎಲೆಗಳ ಮೇಲೇ ಉಳಿದು ಮತ್ತೆ ಆವಿಯಾಗಿ ಹೋಗುತ್ತದೆ. ಬಯಲಿನಲ್ಲಿ ಚಾಟಿಯಂತೆ ನೆಲಕ್ಕೆ ಬಡಿಯುವ ಮಳೆ ಇಲ್ಲಿ ಬಲ ಕಳೆದುಕೊಂಡು ಇಳಿಯುತ್ತದೆ.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂದು ನಮ್ಮಲ್ಲೊಂದು ಗಾದೆ ಇದೆ. ನಾವು ಅದನ್ನು ಬೇರೆ ಬೇರೆ ಸಂದರ್ಭಕ್ಕೆ ಬಳಸುತ್ತೇವೆ. ಆಗುಂಬೆಯ ಕಾಡಿನಲ್ಲಿ ಅದನ್ನು ಕಿವಿಯಾರೆ ಕೇಳಬಹುದು. ಹೊರಗೆ ರಸ್ತೆಯಲ್ಲಿ ಮಳೆ ಬಿಟ್ಟು ಹೊಳವಾಗಿರುತ್ತದೆ. ಒಳಗೆ ಟಪ್ ಟಪ್ ಎಂದು ಹನಿ ಬೀಳುವುದು ಮುಂದುವರಿದೇ ಇರುತ್ತದೆ. ಮುಂದಿನ ಮಳೆ ಬರುವವರೆಗೂ ಹಾಗೇ ಇರುವುದುಂಟು.

ಇಲ್ಲಿಯವರೆಗೆ ಹೇಳಿದ್ದು ಮೇಲಿನ ಎಲೆಗಳ ಕೆಲಸ. ಅವು ಮಳೆಯ ಬಲವನ್ನು ಮುರಿದವು. ಈಗ ಕಾಲಿನ ಕೆಳಗೆ ನೋಡೋಣ. ದಾರಿಯ ಆಚೀಚೆ ನೆಲವೇ ಕಾಣಿಸದು. ಕಾಣುವುದೆಲ್ಲ ತರಗೆಲೆ. ಬೇಕಿದ್ದರೆ ದಾರಿಯ ಅಂಚಿನಲ್ಲೇ ಒಮ್ಮೆ ಕುಕ್ಕರುಗಾಲಲ್ಲಿ ಕುಳಿತು ಕಡ್ಡಿಯಿಂದ ಅದನ್ನು ಮೆಲ್ಲಗೆ ಸರಿಸಿ. ಮೇಲಿನ ಎಲೆಗಳು ಇತ್ತೀಚೆಗೆ ಬಿದ್ದವು, ಕಂದು ಬಣ್ಣ, ಗರಿಗರಿ. ಅದರ ಕೆಳಗಿನವು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಇನ್ನೂ ಕೆಳಗೆ ಎಲೆಯ ಮಾಂಸವೆಲ್ಲ ಹೋಗಿ ನರಗಳ ಬಲೆಯಷ್ಟೇ ಉಳಿದಿದೆ. ಆ ಬಲೆಯ ನಡುವೆ ಬಿಳಿ ನೂಲಿನಂತೆ ಅಣಬೆಯ ಎಳೆಗಳು ಹೆಣೆದುಕೊಂಡಿವೆ. ಅದಕ್ಕೂ ಕೆಳಗಿರುವುದು ಕಪ್ಪು ಗೊಬ್ಬರ. ಬೆರಳಲ್ಲಿ ಹಿಸುಕಿದರೆ ಬೇಸಿಗೆಯ ಹೊಸ್ತಿಲಲ್ಲೂ ಕೈಗೆ ತಂಪು ತಾಗುತ್ತದೆ. ನೋಡಿದ ಮೇಲೆ ಎಲೆಗಳನ್ನು ಮೊದಲಿದ್ದಂತೆ ಮುಚ್ಚಿಬಿಡಿ.

ಮಲೆನಾಡಿನ ರೈತ ಮಳೆಗಾಲದಲ್ಲಿ ಗದ್ದೆಗೆ ಹೊರಟಾಗ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದ ಕಂಬಳಿಕೊಪ್ಪೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಸುರಿವ ಮಳೆಯನ್ನೆಲ್ಲ ಆ ಉಣ್ಣೆ ತಾನು ಕುಡಿಯುತ್ತಿತ್ತು. ಒಳಗಿನ ಮೈಗೆ ಪೆಟ್ಟು ಬೀಳುತ್ತಿರಲಿಲ್ಲ. ಮನೆಗೆ ಬಂದು ಗೂಟಕ್ಕೆ ನೇತು ಹಾಕಿದ ಮೇಲೆ ಅದರ ಅಂಚಿನಿಂದ ಬಹಳ ಹೊತ್ತು ನೀರು ಒಂದೊಂದೇ ಹನಿಯಾಗಿ ಇಳಿಯುತ್ತಿತ್ತು. ಕಾಡಿನ ನೆಲ ಹೊದ್ದಿರುವುದು ಅಂಥದೇ ಒಂದು ಕಂಬಳಿ.

ಈ ತರಗೆಲೆಯಲ್ಲಿ ಉಂಬಳ ಇರುತ್ತದೆ. ಜೋಗಿಗುಂಡಿಗೆ ಹೋಗಲು ಹಿಂಜರಿಯುವವರು ಮೊದಲು ಕೇಳುವುದು ಅದನ್ನೇ. ಮಳೆಗಾಲದಲ್ಲಿ ಹೋದರೆ ಉಂಬಳ ಖಂಡಿತ ಹತ್ತುತ್ತದೆ. ಕಚ್ಚಿದ್ದೂ ಗೊತ್ತಾಗುವುದಿಲ್ಲ, ರಕ್ತ ಒಸರುವುದು ಕಂಡಾಗಲೇ ತಿಳಿಯುವುದು. ಅದರಿಂದ ಅಪಾಯವೇನಿಲ್ಲ. ಊರವರು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತಾರೆ. ನೀವೂ ಹಚ್ಚಿಕೊಳ್ಳಬಹುದು. ಆದರೆ ದಾರಿಯುದ್ದಕ್ಕೂ ಉಪ್ಪು ಚೆಲ್ಲುತ್ತಾ ಹೋಗಬೇಡಿ. ಆ ಉಪ್ಪು ಉಂಬಳಕ್ಕೆ ಮಾತ್ರವಲ್ಲ, ಎರೆಹುಳಕ್ಕೂ ಕಪ್ಪೆಗೂ ಬಾಧೆ. ನೆಲ ತೇವ ಉಳಿಸಿಕೊಂಡಿರುವ ಕಡೆಯೇ ಉಂಬಳ ಬದುಕುವುದು. ಅದು ಇದೆ ಎಂದರೆ ಕಂಬಳಿ ಇನ್ನೂ ಹರಿದಿಲ್ಲ ಎಂದು ತಿಳಿಯಬೇಕು.

ಇದೇ ತರಗೆಲೆಯನ್ನು ನೆಚ್ಚಿದ ಇನ್ನೊಂದು ಜೀವ ಕಾಳಿಂಗ ಸರ್ಪ. ಆಗುಂಬೆಗೂ ಕಾಳಿಂಗನಿಗೂ ಇರುವ ನಂಟು ಈಗ ಜಗತ್ತಿಗೇ ಗೊತ್ತು. ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಕಾಳಿಂಗನ ಮೈಯೊಳಗೆ ಪುಟ್ಟ ರೇಡಿಯೊ ಸಾಧನ ಇಟ್ಟು, ಅದರ ಸಂಕೇತ ಹಿಡಿದು ಹಾವಿನ ಹಿಂದೆ ಕಾಡು ಸುತ್ತಿ ಮಾಡಿದ ಅಧ್ಯಯನ ನಡೆದದ್ದೂ ಇಲ್ಲೇ. ಹತ್ತು ಹನ್ನೆರಡು ಅಡಿ ಉದ್ದದ ಈ ಹಾವಿನ ಒಂದು ನಡವಳಿಕೆ ಬೇರೆ ಯಾವ ಹಾವಿನಲ್ಲೂ ಇಲ್ಲ. ಇದು ಗೂಡು ಕಟ್ಟುತ್ತದೆ. ಕೈಯಿಲ್ಲದ ಪ್ರಾಣಿ ಗೂಡು ಕಟ್ಟುವುದು ಹೇಗೆ? ಬೇಸಿಗೆಯಲ್ಲಿ ಹೆಣ್ಣು ಕಾಳಿಂಗ ತನ್ನ ಮೈಯನ್ನೇ ಬಾಗಿಸಿ ಸುತ್ತಲಿನ ತರಗೆಲೆಯನ್ನು ಎಳೆದೆಳೆದು ಒಟ್ಟುತ್ತದೆ. ರಾಶಿಯ ಒಳಗೆ ಮೊಟ್ಟೆ ಇಡುತ್ತದೆ. ಆಮೇಲೆ ಅಲ್ಲೇ ವಾರಗಟ್ಟಲೆ ಕಾವಲು. ಕೊಳೆಯುವ ಎಲೆಯ ಬಿಸಿಯೇ ಮೊಟ್ಟೆಗೆ ಕಾವು. ಅಷ್ಟರಲ್ಲಿ ಆಗುಂಬೆಯ ಮಳೆ ಹಿಡಿಯುತ್ತದೆ. ಎಲೆಗಳು ಎಷ್ಟು ಒತ್ತಾಗಿ ಕುಳಿತಿರುತ್ತವೆ ಎಂದರೆ ಆ ಜಡಿಮಳೆಯೂ ಒಳಗಿನ ಮೊಟ್ಟೆಗಳನ್ನು ಕೆಡಿಸಲಾರದು. ಮಳೆಗಾಲದಲ್ಲಿ ಮರಿಗಳು ಹೊರಬರುತ್ತವೆ. ಬಿದ್ದ ಎಲೆಯನ್ನು ಕಸ ಎಂದು ಕರೆಯುವ ಮೊದಲು ನಾವು ಈ ಹಾವನ್ನು ಒಮ್ಮೆ ನೆನೆಯಬೇಕು.

ಎಲೆ ಮಳೆಯ ಬಲ ಮುರಿಯಿತು, ತರಗೆಲೆ ಅದನ್ನು ಹಿಡಿದುಕೊಂಡಿತು. ಇಲ್ಲಿಗೆ ಎರಡು ಹಂತ. ಮೂರನೆಯ ಹಂತ ನೆಲದ ಒಳಗೆ. ಈ ದಾರಿಯಲ್ಲಿ ಬೇರುಗಳನ್ನು ನೋಡದೆ ಮುಂದೆ ಹೋಗಲು ಆಗುವುದೇ ಇಲ್ಲ, ಅಡಿಗಡಿಗೆ ಕಾಲಿಗೆ ಸಿಗುತ್ತವೆ. ಬಲಗಿ ಎಂಬ ಮರ ಆಗುಂಬೆ, ಕುದುರೆಮುಖದ ಕಡೆಯ ಕಾಡಿನ ಗುರುತು. ಅದರ ಕಾಂಡ ನೆಟ್ಟಗೆ ನೆಲಕ್ಕೆ ಇಳಿಯುವುದಿಲ್ಲ. ಬುಡಕ್ಕಿಂತ ಮೇಲಿನಿಂದಲೇ ಹಲವು ಬೇರುಗಳು ಹೊರಟು ಓರೆಯಾಗಿ ನೆಲಕ್ಕೆ ಊರಿಕೊಂಡಿರುತ್ತವೆ. ಬೇರೆ ಕೆಲವು ಮರಗಳ ಬುಡದಲ್ಲಿ ಬೇರು ಹಲಗೆಯಂತೆ ಎದ್ದು ನಿಂತಿರುತ್ತದೆ. ಇವು ಕಣ್ಣಿಗೆ ಕಾಣುವ ಬೇರುಗಳು. ಕಾಣದ ಸಣ್ಣ ಬೇರುಗಳು ಮೇಲ್ಮಣ್ಣಿನ ತುಂಬ ಹೆಣೆದುಕೊಂಡಿವೆ. ಸತ್ತ ಬೇರು ಕೊಳೆತ ಜಾಗದಲ್ಲಿ ಕೊಳವೆ ಉಳಿಯುತ್ತದೆ. ಎರೆಹುಳ ಓಡಾಡಿದ ದಾರಿ, ಗೆದ್ದಲಿನ ದಾರಿ, ಏಡಿಯ ಬಿಲ, ಎಲ್ಲವೂ ನೀರಿಗೆ ಒಳಗಿಳಿಯುವ ಬಾಗಿಲುಗಳೇ.

ನೀರು ಹೀಗೆ ಇಳಿಯುತ್ತದೆ ಎಂಬುದು ಊಹೆಯ ಮಾತಲ್ಲ. ಉತ್ತರ ಕನ್ನಡದ ಮಲೆನಾಡಿನಲ್ಲಿ ವಿಜ್ಞಾನಿಗಳು ಹಳ್ಳಗಳಿಗೆ ಮಾಪಕ ಇಟ್ಟು ಅಳೆದಿದ್ದಾರೆ. ಕಾಡು ಚೆನ್ನಾಗಿ ಉಳಿದಿರುವ ಕಡೆ ಮಣ್ಣು ಮಳೆಯನ್ನು ಹೆಚ್ಚು ಕುಡಿಯುತ್ತದೆ. ಕಾಡು ಕೆಟ್ಟು ನೆಲ ಗಟ್ಟಿಯಾದ ಕಡೆ ಜೋರು ಮಳೆಯ ನೀರು ಮೇಲ್ಮೈಯಲ್ಲೇ ಹರಿದು ಹೋಗುತ್ತದೆ. ಅಳತೆ ಬೇಡ ಎನ್ನುವವರಿಗೆ ಕಣ್ಣಿನ ಸಾಕ್ಷಿಯೂ ಇದೆ. ಮುಂಗಾರಿನ ಮೊದಲ ದಿನಗಳಲ್ಲಿ ರಸ್ತೆಯ ಬದಿಯ ಚರಂಡಿ ನೋಡಿ. ಕೆಂಪು ರಾಡಿ. ಕಾಡಿನ ಒಳಗಿಂದ ಬಂದು ಅದಕ್ಕೆ ಸೇರುವ ಸಣ್ಣ ತೊರೆ ನೋಡಿ. ತಿಳಿ. ಒಂದೇ ಮಳೆ, ಒಂದೇ ಊರು. ರಾಡಿಯಲ್ಲಿ ಹೋಗುತ್ತಿರುವುದು ನೀರಷ್ಟೇ ಅಲ್ಲ, ಸಾವಿರಾರು ವರ್ಷ ಕೂತು ಆದ ಮಣ್ಣು.

ಬೇರಿನ ಮಾತು ಬಿಡುವ ಮೊದಲು ಒಂದು ಸಣ್ಣ ಮರದ ಬಗ್ಗೆ ಹೇಳಲೇಬೇಕು. ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಈ ಮರವನ್ನು ಸಸ್ಯಶಾಸ್ತ್ರದವರು ಹಂಬೋಲ್ಟಿಯಾ ಎಂದು ಕರೆಯುತ್ತಾರೆ. ಇಲ್ಲಿ ಬೆಳೆಯುವ ಅದರ ಜಾತಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಕೆಲವು ಮರಗಳ ಕೊಂಬೆಯ ಗೆಣ್ಣುಗಳ ನಡುವಿನ ಭಾಗ ಊದಿಕೊಂಡು ಒಳಗೆ ಟೊಳ್ಳಾಗಿರುತ್ತದೆ. ಆ ಟೊಳ್ಳಿಗೆ ಸಣ್ಣದೊಂದು ಕಿಂಡಿ. ಒಳಗೆ ಇರುವೆಗಳ ಸಂಸಾರ. ಇರುವೆ ಒಳಗೆ ತಂದು ಬಿಟ್ಟ ಕಸದ ಸಾರವನ್ನು ಮರ ಹೀರಿಕೊಳ್ಳುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಇನ್ನೂ ಆಶ್ಚರ್ಯದ ಸಂಗತಿ, ಆ ಟೊಳ್ಳಿನಲ್ಲಿ ಎರೆಹುಳವೂ ಸಿಗುತ್ತದೆ! ನೆಲದ ಎರೆಹುಳ ಮರದ ಕೊಂಬೆಯಲ್ಲಿ ಬದುಕಬೇಕಾದರೆ ಗಾಳಿಯಲ್ಲೇ ಎಷ್ಟು ತೇವ ಇರಬೇಕು, ಯೋಚಿಸಿ. ಕಾಡು ನೀರನ್ನು ನೆಲದಲ್ಲಿ ಮಾತ್ರ ಇಟ್ಟುಕೊಂಡಿಲ್ಲ, ಗಾಳಿಯಲ್ಲೂ ಇಟ್ಟುಕೊಂಡಿದೆ.

ಎಲೆ, ತರಗೆಲೆ, ಬೇರು. ಈ ಮೂರನ್ನು ದಾಟಿ ನಾವೀಗ ದಾರಿಯ ಕೊನೆಗೆ ಬಂದಿದ್ದೇವೆ. ಇಲ್ಲಿ ನೀರಿನ ಸದ್ದು ಮೊದಲು ಕೇಳಿ, ಆಮೇಲೆ ನೀರು ಕಾಣುತ್ತದೆ. ಹಾವಸೆ ಹಿಡಿದ ಕಪ್ಪು ಬಂಡೆಗಳು. ಬಂಡೆಯ ಗವಿಯಂಥ ಸಂದಿಯಿಂದ ನೀರು ಹೊರಬಂದು ಕೆಳಗಿನ ಗುಂಡಿಗೆ ಧುಮುಕುತ್ತದೆ. ಗುಂಡಿಯ ನೀರಿಗೆ ಮೇಲಿನ ಎಲೆಗಳ ಹಸಿರು ಬಣ್ಣ. ಹಿಂದೆ ಒಬ್ಬ ಜೋಗಿ ಇಲ್ಲಿ ತಪಸ್ಸಿಗೆ ಕುಳಿತಿದ್ದ ಎಂದು ಊರವರು ಹೇಳುತ್ತಾರೆ. ಮಲಾಪಹಾರಿ ಎಂಬ ಸಣ್ಣ ಹೊಳೆಯ ಮೂಲ ಇದು. ಕತ್ತಲ ಬಂಡೆಯೊಳಗಿಂದ ನೀರು ಹುಟ್ಟಿ ಬರುವುದನ್ನು ನೋಡಿದರೆ ನಾನು ಇಷ್ಟು ಹೊತ್ತು ಹೇಳಿದ್ದು ನಿಮಗೆ ಕಣ್ಣಾರೆ ಕಾಣುತ್ತದೆ. ಎಂದೋ ಬಿದ್ದ ಮಳೆ ನೆಲದೊಳಗೆ ಇಳಿದು, ತಡೆದು, ಈಗ ಇಲ್ಲಿ ಹೊರಗೆ ಬರುತ್ತಿದೆ.

ಹೀಗೆ ನಿಧಾನವಾಗಿ ಬರುವ ನೀರನ್ನೇ ನಂಬಿದ ಒಂದು ಜೀವಿಯ ವಿಷಯ ಹೇಳುತ್ತೇನೆ. ಆಗುಂಬೆಯಿಂದ ಕುದುರೆಮುಖ, ಕೊಟ್ಟಿಗೆಹಾರದವರೆಗಿನ ಕಾಡಿನ ಹಳ್ಳಗಳಲ್ಲಿ ಒಂದು ಇಂಚಿನಷ್ಟು ಚಿಕ್ಕ ಕಪ್ಪೆ ಇದೆ. ಕಂದು ಮೈ, ಒದ್ದೆ ಬಂಡೆಯ ಮೇಲೆ ಕುಳಿತರೆ ಬಂಡೆಯದೇ ಬಣ್ಣ. ಇದನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್. ಕೊಟ್ಟಿಗೆಹಾರದ ಹೆಸರನ್ನೇ ಅದಕ್ಕೆ ಇಟ್ಟರು. ಸಾಮಾನ್ಯವಾಗಿ ಗಂಡು ಕಪ್ಪೆ ಹೆಣ್ಣನ್ನು ಕರೆಯುವುದು ಕೂಗಿ. ಆದರೆ ಧುಮುಕುವ ನೀರಿನ ಪಕ್ಕದಲ್ಲಿ ಇಂಚುದ್ದದ ಕಪ್ಪೆಯ ಕೂಗು ಯಾರಿಗೆ ಕೇಳಬೇಕು? ಅದಕ್ಕೆ ಈ ಗಂಡು ಕಪ್ಪೆ ಕೂಗುವುದರ ಜೊತೆಗೆ ಹಿಂಗಾಲನ್ನು ಹಿಂದಕ್ಕೆ ನೀಡಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ, ಬಾವುಟ ಬೀಸಿದಂತೆ ಬೀಸುತ್ತದೆ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಕುಣಿಯುವ ಕಪ್ಪೆ ಎಂದು ಹೆಸರು ಬಂದದ್ದು ಇದರಿಂದ. 2014ರಲ್ಲಿ ಕಪ್ಪೆಗಳ ತಜ್ಞ ಎಸ್. ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದಿಂದ ಇದೇ ಕುಲದ 14 ಹೊಸ ಕಪ್ಪೆಗಳನ್ನು ಒಮ್ಮೆಗೇ ಗುರುತಿಸಿದರು.

ನಮ್ಮ ಮಾತಿಗೆ ಮುಖ್ಯವಾದದ್ದು ಇದರ ಮುಂದಿನ ಕಥೆ. ಮಳೆಗಾಲದ ಅಬ್ಬರ ಇಳಿದ ಮೇಲೆ ಹೆಣ್ಣು ಕಪ್ಪೆ ಹಳ್ಳದ ಆಳವಿಲ್ಲದ ಜಾಗದಲ್ಲಿ ಹಿಂಗಾಲಿನಿಂದ ಮರಳು, ಸಣ್ಣ ಕಲ್ಲು ತೋಡಿ ಮೊಟ್ಟೆ ಇಡುತ್ತದೆ. ಮೇಲೆ ಮತ್ತೆ ಮರಳು ಮುಚ್ಚುತ್ತದೆ. ಮರಿಗಳು ಬೆಳೆಯುವುದು ಆ ಮರಳಿನ ಅಡಿಯಲ್ಲೇ. ಹಳ್ಳ ಉಕ್ಕಿ ಹರಿದರೆ ಮೊಟ್ಟೆ ಕೊಚ್ಚಿ ಹೋಗುತ್ತದೆ. ಹಳ್ಳ ಬತ್ತಿದರೆ ಒಣಗಿ ಸಾಯುತ್ತದೆ. ಉಕ್ಕದ, ಬತ್ತದ, ಒಂದೇ ಹದದಲ್ಲಿ ಹರಿಯುವ ತಿಳಿನೀರು ಬೇಕು. ಮಳೆಗಾಲ ಮುಗಿದ ಮೇಲೆ ಅಂಥ ನೀರನ್ನು ಕೊಡಬಲ್ಲದ್ದು ಕಾಡೊಂದೇ. ಸಿಮೆಂಟಿನ ತಡೆಗೋಡೆ ಕಟ್ಟಿ ಅದನ್ನು ಮಾಡಲು ಆಗುವುದಿಲ್ಲ.

ಜಲಪಾತದ ತನಕ ಬಂದದ್ದಾಯಿತು. ನೀರು ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ? ಮಲಾಪಹಾರಿ ಪೂರ್ವಕ್ಕೆ ಹರಿದು ತುಂಗೆಯನ್ನು ಸೇರುತ್ತದೆ. ತುಂಗೆ ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯೊಂದಿಗೆ ಕೂಡುತ್ತಾಳೆ. ಅಲ್ಲಿಂದ ತುಂಗಭದ್ರೆಯಾಗಿ ಹರಿಹರ, ಹೊಸಪೇಟೆಯ ಅಣೆಕಟ್ಟು, ಹಂಪಿ. ಮುಂದೆ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. ಜೋಗಿಗುಂಡಿಯ ದಾರಿ ಬಿಟ್ಟು ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬರ್ಕಣ ಸಿಗುತ್ತದೆ. ಅಲ್ಲಿ ಸೀತಾ ನದಿ 800 ಅಡಿಗೂ ಹೆಚ್ಚು ಎತ್ತರದಿಂದ ಘಟ್ಟದ ಕೆಳಗೆ ಬೀಳುತ್ತದೆ. ಆ ನೀರು ಉಡುಪಿ ಜಿಲ್ಲೆ ದಾಟಿ ಅರಬ್ಬಿ ಸಮುದ್ರಕ್ಕೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಪೂರ್ವ ಸಮುದ್ರಕ್ಕೆ, ಒಂದು ಪಶ್ಚಿಮ ಸಮುದ್ರಕ್ಕೆ. ಎರಡನ್ನೂ ನಿಧಾನ ಮಾಡಿ ಕಳಿಸುತ್ತಿರುವುದು ಒಂದೇ ಕಾಡು.

ಗಂಗಾ ಸ್ನಾನ, ತುಂಗಾ ಪಾನ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಈ ಮಾತನ್ನು ಶಿವಮೊಗ್ಗದಲ್ಲೋ ಹರಿಹರದಲ್ಲೋ ಹೊಸಪೇಟೆಯಲ್ಲೋ ಕುಳಿತು ಕೇಳುತ್ತಿರುವವರು ಒಮ್ಮೆ ಮನೆಯ ನಲ್ಲಿಯ ಕಡೆ ನೋಡಿ. ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಇರುವವರು ನಿಮ್ಮ ಭತ್ತದ ಗದ್ದೆಯ ಕಾಲುವೆಯ ಕಡೆ ನೋಡಿ. ಬೇಸಿಗೆಯಲ್ಲಿ ಅಲ್ಲಿ ಹರಿಯುವ ನೀರಿನಲ್ಲಿ ಆಗುಂಬೆಯ ತರಗೆಲೆ ಹಿಡಿದಿಟ್ಟ ಪಾಲೂ ಇದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಗುಂಬೆಯ ಕಾಯ್ದಿಟ್ಟ ಅರಣ್ಯವೂ ಅದರಲ್ಲಿತ್ತು. ಜಗತ್ತು ಗೌರವ ಕೊಟ್ಟಿತು, ಸಂತೋಷ. ಆದರೆ ಈ ಕಾಡಿನ ಋಣ ಹೆಚ್ಚಾಗಿ ಇರುವುದು ಕೆಳಗೆ ನೀರು ಕುಡಿಯುವ ನಮ್ಮ ಮೇಲೆ.

ಕಾಡು ಮಾಡುವ ಕೆಲಸ, ಅದರಿಂದ ನಮಗಾಗುವ ಉಪಕಾರ, ಎರಡನ್ನೂ ಕೇಳಿದಿರಿ. ನಡೆದು ಹೋಗುವ ನಾವು ಅದಕ್ಕೆ ಮಾಡುವುದೇನು ಎಂಬುದು ಕೊನೆಯ ಮಾತು. ರಜೆಯ ದಿನಗಳಲ್ಲಿ ಇಂಥ ದಾರಿಗಳಿಗೆ ಬರುವ ಜನ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಬರಲಿ. ಕಾಡನ್ನು ನೋಡದವರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಎಲ್ಲರೂ ಒಂದೇ ದಾರಿಯಲ್ಲಿ ನಡೆದರೆ ಕೆಡುವುದು ಆ ದಾರಿಯಷ್ಟೇ ಅಗಲದ ನೆಲ. ಆದರೆ ಕೆಸರು ತಪ್ಪಿಸಲು ಒಬ್ಬರು ಬದಿಗೆ ಕಾಲಿಟ್ಟರೆ, ಬಳಸುದಾರಿ ಬೇಡವೆಂದು ಇನ್ನೊಬ್ಬರು ಅಡ್ಡ ಹಾದರೆ, ತಿಂಗಳಲ್ಲಿ ಅಲ್ಲೊಂದು ಹೊಸ ಜಾಡು ಬೀಳುತ್ತದೆ. ತುಳಿದ ಕಡೆ ತರಗೆಲೆ ಪುಡಿಯಾಗುತ್ತದೆ. ಮಣ್ಣು ಗಟ್ಟಿಯಾಗುತ್ತದೆ. ಬೇರಿನ ಸಿಪ್ಪೆ ಸವೆದು ಬಿಳಿ ಕಟ್ಟಿಗೆ ಹೊಳೆಯುತ್ತದೆ. ಮುಂದಿನ ಮಳೆಗೆ ಅದೇ ಜಾಡು ಚರಂಡಿಯಾಗಿ ಕೆಂಪು ನೀರು ಹೊತ್ತು ಹಳ್ಳಕ್ಕೆ ಇಳಿಯುತ್ತದೆ. ಕುಣಿಯುವ ಕಪ್ಪೆಯ ಮರಳಿನ ಮೇಲೆ ರಾಡಿ ಕೂರುತ್ತದೆ. ಇಷ್ಟೆಲ್ಲ ಆಗುವುದು ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದರಿಂದಲ್ಲ. ಕಾಲಿನ ಕೆಳಗೆ ಏನಿದೆ ಎಂಬುದು ಗೊತ್ತಿಲ್ಲದ್ದರಿಂದ.

ಗೊತ್ತಿದ್ದೂ ಮಾಡುವ ತಪ್ಪುಗಳು ಬೇರೆ ಇವೆ. ಗುಂಡಿಗೆ ಸಾಬೂನು, ಶಾಂಪೂ ಕಲಸುವುದು ಅಂಥದು. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ. ನೀರಿಗೆ ಬಿದ್ದದ್ದು ನೇರ ಅದರ ಮೈಗೆ ಹೋಗುತ್ತದೆ. ದೊಡ್ಡ ಸದ್ದಿನ ಹಾಡು ಇನ್ನೊಂದು. ಬಾಟಲಿ, ಪ್ಲಾಸ್ಟಿಕ್ ಬಗ್ಗೆ ನಾನು ಹೇಳಬೇಕಾಗಿಲ್ಲ, ಎಲ್ಲರಿಗೂ ತಿಳಿದದ್ದೇ.

ಹೋಗುವುದಾದರೆ ನವೆಂಬರಿನಿಂದ ಜನವರಿಯವರೆಗೆ ಹೋಗಿ. ಮಳೆ ನಿಂತಿರುತ್ತದೆ, ನೀರು ಇರುತ್ತದೆ, ಉಂಬಳ ಕಡಿಮೆ. ಮಳೆಗಾಲದಲ್ಲಿ ಕಾಡುದಾರಿಗಳನ್ನು ಮುಚ್ಚುವುದುಂಟು. ಆದ್ದರಿಂದ ಹೊರಡುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿ. ಗುಂಡಿ ಆಳವಾಗಿದೆ, ಬಂಡೆ ಜಾರುತ್ತದೆ, ನೀರಿಗೆ ಇಳಿಯಬೇಡಿ. ಬಂಡೆಯ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಹೋಗಿ ಜಾರಿದವರ ಸುದ್ದಿ ಮಲೆನಾಡಿನ ಒಂದಲ್ಲ ಒಂದು ಅಬ್ಬಿಯಿಂದ ಪ್ರತಿ ಮಳೆಗಾಲವೂ ಬರುತ್ತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಕೈ ಹಿಡಿದುಕೊಂಡು ನಡೆಸಿ. ತರಗೆಲೆಯ ಪದರಗಳನ್ನು, ಬಲಗಿಯ ಬೇರನ್ನು ಅವರಿಗೆ ತೋರಿಸಿ.

ಶಿವಮೊಗ್ಗದಿಂದ ಆಗುಂಬೆಗೆ ಸುಮಾರು 90 ಕಿಲೋಮೀಟರ್, ಉಡುಪಿಯಿಂದ 55. ಅಷ್ಟು ದೂರ ಬಂದವರು ಕೊನೆಯ ಒಂದು ಕಿಲೋಮೀಟರಿಗೆ ಕಾಲು ಗಂಟೆಯ ಬದಲು ಒಂದು ಗಂಟೆ ಕೊಡಿ. ಸಾಬೂನು, ಶಾಂಪೂ, ಹಾಡಿನ ಪೆಟ್ಟಿಗೆ ಗಾಡಿಯಲ್ಲೇ ಇರಲಿ. ಇರುವ ದಾರಿಯಲ್ಲೇ ನಡೆಯಿರಿ.